ಗಾಡಿ ಕುದುರೆಗೆ ಯಾವ ಕಡಿವಾಣ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಟಾಂಗಾ ಇರಲಿ, ಸಾರೋಟು ಇರಲಿ, ಮದುವೆ ಮೆರವಣಿಗೆಯ ರಥ ಇರಲಿ, ಹೊಲಕ್ಕೆ ಗೊಬ್ಬರ ಹೊರುವ ತಟ್ಟುಗಾಡಿ (ತಟ್ಟು ಅಂದರೆ ಗಿಡ್ಡ ಕುದುರೆ) ಇರಲಿ, ಕಡಿವಾಣದ ವಿಷಯದಲ್ಲಿ ಬರುವ ಅನುಮಾನಗಳು ಹೆಚ್ಚುಕಡಿಮೆ ಒಂದೇ. ಮಾತಿನಲ್ಲಿ ನಾವು ಲಗಾಮು, ಕಡಿವಾಣ ಎರಡನ್ನೂ ಬೆರೆಸಿ ಆಡುತ್ತೇವೆ. ಇಲ್ಲಿ ಕಡಿವಾಣ ಅಂದರೆ ಬಾಯೊಳಗಿನ ಲೋಹ, ಲಗಾಮು ಅಂದರೆ ಕೈಯಲ್ಲಿ ಹಿಡಿಯುವ ಪಟ್ಟಿ. ಬಾಯಿಗೆ ಅಡ್ಡ ಬರುವ ಭಾಗವನ್ನು ಕಂಬಿ ಎಂದೂ, ತುಟಿಯ ಹೊರಗೆ ಕೆಳಕ್ಕೆ ಇಳಿಯುವ ಭಾಗವನ್ನು ತೋಳು ಎಂದೂ ಕರೆದಿದ್ದೇವೆ.

ಸವಾರಿ ಕುದುರೆಯ ಕಡಿವಾಣವನ್ನೇ ಗಾಡಿಗೂ ಹಾಕಿದರೆ ಆಗದೇ?

ಕೆಲವು ಆಗುತ್ತವೆ, ಹಲವು ಆಗುವುದಿಲ್ಲ. ಸವಾರನಿಗೆ ಕುದುರೆಯ ಜೊತೆ ಮಾತಾಡಲು ತೊಡೆಯಿದೆ, ಹಿಮ್ಮಡಿಯಿದೆ, ಮೈಭಾರವಿದೆ. ಗಾಡಿ ಹೊಡೆಯುವವರಿಗೆ ಇರುವುದು ಲಗಾಮು, ದನಿ, ಚಾವಟಿ ಮಾತ್ರ. ಕೈಗೂ ಬಾಯಿಗೂ ನಡುವೆ ಎರಡೂವರೆ ಮೂರು ಮೀಟರ್ ದೂರ. ಅಷ್ಟುದ್ದದ ಚರ್ಮದ ತೂಕ ನೀವು ಎಳೆಯದೆ ಇದ್ದರೂ ಬಾಯಿಯ ಮೇಲೆ ಬಿದ್ದೇ ಇರುತ್ತದೆ. ನೆನೆದ ಹತ್ತಿಹಗ್ಗವಾದರೆ ಇನ್ನೂ ಹೆಚ್ಚು.

ಎರಡನೆಯ ಕಾರಣ ಮೂಕಿ, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿರುವ ಮರ. ಕುದುರೆ ತಲೆ ತಗ್ಗಿಸಿ ಮೈ ಉಜ್ಜಿಕೊಳ್ಳುವಾಗ ಕಡಿವಾಣದ ತುದಿ ಮೂಕಿಗೋ ಪಕ್ಕದ ಕುದುರೆಯ ಲಗಾಮಿಗೋ ಸಿಕ್ಕಿಕೊಂಡರೆ ಅದು ಗಾಬರಿಯಿಂದ ಹಿಂದಕ್ಕೆ ನುಗ್ಗುತ್ತದೆ. ಮೇಲೂ ಕೆಳಗೂ ಉದ್ದ ಕಡ್ಡಿ ಇರುವ ಸವಾರಿ ಕಡಿವಾಣ ಇದೇ ಕಾರಣಕ್ಕೆ ಗಾಡಿಗೆ ಸಲ್ಲದು. ಕಂಬಿಯ ತುದಿಯಲ್ಲಿ ಬರೀ ಚಿಕ್ಕ ಬಳೆ ಇರುವ ಕಡಿವಾಣವಾದರೆ ಒಂದು ಕಡೆ ಜೋರಾಗಿ ಎಳೆದಾಗ ಬಳೆಯೇ ಬಾಯೊಳಕ್ಕೆ ಜಾರಿಬಿಡಬಹುದು.

ಬಾಯಿಯೊಳಗೆ ಅದು ಎಲ್ಲಿ ಕೂರುತ್ತದೆ?

ಮುಂದಿನ ಬಾಚಿಹಲ್ಲಿಗೂ ಹಿಂದಿನ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವೊಂದಿದೆ. ಕಂಬಿ ಕೂರುವುದು ಅಲ್ಲಿ. ಅಲ್ಲಿರುವುದು ತೆಳು ವಸಡು, ಅದರ ಕೆಳಗೆ ನೇರ ಮೂಳೆ. ನಿಮ್ಮ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗವನ್ನು ಬೆರಳಿಂದ ಒತ್ತಿ ನೋಡಿದರೆ ಅಂದಾಜು ಸಿಗುತ್ತದೆ. ನಾಲಿಗೆ ಬಾಯಿ ತುಂಬ ಇರುತ್ತದೆ. ಹಾಗಾಗಿ ಕಂಬಿಯ ಭಾರದ ಹೆಚ್ಚಿನ ಪಾಲನ್ನು ಮೊದಲು ಹೊರುವುದು ನಾಲಿಗೆಯೇ.

ಗಂಡು ಕುದುರೆಗೆ ನಾಲ್ಕೈದು ವರ್ಷದ ಹೊತ್ತಿಗೆ ಇದೇ ಖಾಲಿ ಜಾಗದಲ್ಲಿ ಕೋರೆಹಲ್ಲು ಮೂಡುತ್ತದೆ. ಕಂಬಿ ಅದಕ್ಕೆ ತಾಗಬಾರದು. ಮೇಲಿನ ದವಡೆಹಲ್ಲಿನ ಮುಂದೆ ಕೆಲವಕ್ಕೆ ಸಣ್ಣ ಮೊಳಕೆಹಲ್ಲು ಇರುತ್ತದೆ. ಕಂಬಿ ಬಡಿದಾಗೆಲ್ಲ ನೋಯುವುದರಿಂದ ಅದನ್ನು ಪಶುವೈದ್ಯರಿಂದ ತೆಗೆಸುವುದು ವಾಡಿಕೆ. ವರ್ಷಕ್ಕೊಮ್ಮೆ ಹಲ್ಲು ತೋರಿಸಿ, ಐದು ವರ್ಷದೊಳಗಿನ ಕುದುರೆಗೆ ಆರು ತಿಂಗಳಿಗೊಮ್ಮೆ. ದವಡೆಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಭಾಗ ಕೊಯ್ಯುತ್ತಿದ್ದರೆ ಜಗತ್ತಿನ ಯಾವ ಕಡಿವಾಣವೂ ಆ ಕುದುರೆಗೆ ಹಿಡಿಸುವುದಿಲ್ಲ.

ಅಗಲ ಅಳೆಯುವುದು ಹೇಗೆ?

ಹೆಬ್ಬೆರಳ ಗಾತ್ರಕ್ಕಿಂತ ತೆಳುವಾದ, ಒಂದಡಿ ಉದ್ದದ ನುಣುಪಾದ ಮರದ ಕೋಲು ಸಾಕು. ಅದನ್ನು ಕಡಿವಾಣದಂತೆಯೇ ಬಾಯಿಗೆ ಅಡ್ಡ ಇಟ್ಟು, ಕಟವಾಯಿಗೆ ಹಗುರವಾಗಿ ತಾಗಿಸಿ, ಎರಡೂ ಕಡೆ ತುಟಿಯ ಹೊರ ಅಂಚಿಗೆ ಸರಿಯಾಗಿ ಗುರುತು ಹಾಕಿ. ದಾರವೂ ಆಗುತ್ತದೆ, ಆದರೆ ದಾರ ನಾಲಿಗೆಯ ಮೇಲೆ ಬಾಗಿ ಅಳತೆ ಹೆಚ್ಚು ತೋರಿಸುತ್ತದೆ.

ಆ ಅಳತೆಗೆ ಎಷ್ಟು ಸೇರಿಸಬೇಕು ಅನ್ನುವುದು ಕಡಿವಾಣದ ಜಾತಿಯ ಮೇಲಿದೆ. ತೋಳಿರುವ ಲಿವರ್‌ಪೂಲ್ ಮಾದರಿಗೆ ಎರಡೂ ಕಡೆ ಸೇರಿ ಅರ್ಧ ಸೆಂಟಿಮೀಟರ್ ಸಾಕು. ಬಳೆ ಸಡಿಲವಾಗಿ ಓಡಾಡುವ ಮಾದರಿಗೆ ಪ್ರತಿ ಕಡೆಗೂ ಅರ್ಧ ಸೆಂಟಿಮೀಟರ್ ಬೇಕು, ಇಲ್ಲದಿದ್ದರೆ ತುಟಿಯ ಚರ್ಮ ರಂಧ್ರದಲ್ಲಿ ಸಿಕ್ಕಿ ಹಿಂಡುತ್ತದೆ. ನಮ್ಮ ತಟ್ಟುಗಳಿಗೆ ಸಾಮಾನ್ಯವಾಗಿ ನಾಲ್ಕೂವರೆ ಇಂಚು (11.5 ಸೆಂ.ಮೀ.) ಆಸುಪಾಸು, ಮಾರ್ವಾಡಿ, ಕಾಠಿಯಾವಾಡಿ ತಳಿಗಳ ಗಾತ್ರದವಕ್ಕೆ ಐದು ಇಂಚು (12.7 ಸೆಂ.ಮೀ.), ದೊಡ್ಡ ತಲೆಯ ಕುದುರೆಗೆ ಐದೂವರೆ (14 ಸೆಂ.ಮೀ.) ಹೊಂದುತ್ತದೆ. ಇದು ಅಂದಾಜು ಅಷ್ಟೇ, ಅಳೆಯದೆ ಕೊಳ್ಳಬೇಡಿ.

ಬಿಗಿಯಾದದ್ದಕ್ಕಿಂತ ಸಡಿಲವಾದದ್ದೇ ವಾಸಿ ಎಂದು ಅನೇಕರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಒಂದಿಂಚು ಅಗಲ ಹೆಚ್ಚಾದ ಕಂಬಿ ಪ್ರತಿ ತಿರುವಿನಲ್ಲೂ ಅಡ್ಡಕ್ಕೆ ಜಾರುತ್ತದೆ. ನಡುವೆ ಕೀಲಿದ್ದರೆ ಆ ಕೀಲು ಮಧ್ಯ ಬಿಟ್ಟು ಒಂದೇ ಬದಿಯ ವಸಡಿನ ಮೇಲೆ ಬಂದು ಕೂರುತ್ತದೆ.

ದಪ್ಪ ಕಂಬಿ ಮೆದು, ತೆಳು ಕಂಬಿ ಒರಟು ಅನ್ನುತ್ತಾರೆ. ನಿಜವೇ?

ಅರ್ಧ ನಿಜ. ತೆಳುವಾದಷ್ಟೂ ಅದೇ ಭಾರ ಕಡಿಮೆ ಜಾಗದ ಮೇಲೆ ಬಿದ್ದು ಕೊಯ್ಯುತ್ತದೆ. ಆದರೆ ತಟ್ಟುವಿನ ಸಣ್ಣ ಬಾಯಿಯಲ್ಲಿ ನಾಲಿಗೆಯೇ ತುಂಬಿರುವಾಗ 20 ಮಿಲಿಮೀಟರ್ ದಪ್ಪದ ಕಂಬಿ ತುರುಕಿದರೆ ಅದಕ್ಕೆ ಬಾಯಿ ಮುಚ್ಚಲೂ ಆಗದು. ತಟ್ಟುವಿಗೆ 14, ಕುದುರೆಗೆ 16ರಿಂದ 18 ಮಿಲಿಮೀಟರ್ ಒಳ್ಳೆಯ ಆರಂಭ. ಅಳೆಯುವುದು ತುದಿಯಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಒಳಗೆ, ಕಂಬಿ ವಸಡಿಗೆ ಕೂರುವ ಜಾಗದಲ್ಲಿ.

ಆಕಾರಕ್ಕೆ ಬಂದರೆ, ಸ್ವಲ್ಪ ಬಾಗಿದ ಕೀಲಿಲ್ಲದ ಕಂಬಿಯಿಂದ ಶುರುಮಾಡಿ. ನಾಲಿಗೆ ದಪ್ಪವಿರುವ ಕುದುರೆಗೆ ನಡುವೆ ಒಂದು ಸೆಂಟಿಮೀಟರಿನ ತಗ್ಗು ಕಮಾನಿದ್ದರೆ ನೆಮ್ಮದಿ. ಅದಕ್ಕಿಂತ ಎತ್ತರದ ಕಮಾನು ಅಂಗುಳಕ್ಕೆ ಚುಚ್ಚುತ್ತದೆ. ಒಂದೇ ಕೀಲಿನ ಕಂಬಿಯನ್ನು ಎಳೆದಾಗ ಅದು ಅಡಕೆ ಕತ್ತರಿಯ ಹಾಗೆ ಮಡಚಿ ದವಡೆಯನ್ನು ಎರಡೂ ಕಡೆಯಿಂದ ಹಿಂಡುತ್ತದೆ. ಎರಡು ಕೀಲು, ನಡುವೆ ಸಣ್ಣ ಗುಂಡಿರುವುದು ಇದಕ್ಕಿಂತ ಸೌಮ್ಯ.

ಅಂಗಡಿಯಲ್ಲಿ ಹತ್ತಾರು ಮಾದರಿ ತೋರಿಸುತ್ತಾರೆ. ಗಾಡಿಗೆ ಆಗುವವು ಯಾವುವು?

ಹೆಸರು ನೂರಿದ್ದರೂ ಬಗೆ ನಾಲ್ಕೇ.

ಅರ್ಧಗಡ್ಡಿಯ ಸ್ನ್ಯಾಫಲ್ (ಲಗಾಮನ್ನು ನೇರ ಬಳೆಗೇ ಕಟ್ಟುವ, ಗದ್ದದ ಸರಪಳಿ ಇಲ್ಲದ ಕಡಿವಾಣ): ಬಳೆಯಿಂದ ಕೆಳಕ್ಕೆ ಮಾತ್ರ ಚಮಚದಂಥ ಚಪ್ಪಟೆ ಕಡ್ಡಿ ಇಳಿದಿರುತ್ತದೆ. ಬಾಯೊಳಕ್ಕೆ ಜಾರುವುದಿಲ್ಲ, ಮೇಲಕ್ಕೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಒಂಟಿ ಕುದುರೆಯ ಹಗುರ ಗಾಡಿಗೆ, ಹೊಸದಾಗಿ ಕಲಿಯುವ ಕುದುರೆಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ನಾಲ್ಕು ಬಳೆಯ ವಿಲ್ಸನ್: ಹೊರಗಿನ ಎರಡು ಬಳೆ ಲಗಾಮಿಗೆ, ಒಳಗಿನ ಎರಡು ಕೆನ್ನೆಪಟ್ಟಿಗೆ (ಕಡಿವಾಣವನ್ನು ತಲೆಯಿಂದ ಇಳಿಬಿಡುವ ಪಟ್ಟಿಗೆ). ಲಗಾಮನ್ನು ಒಂದೊಂದು ಕಡೆಯ ಎರಡೂ ಬಳೆಗೆ ಸೇರಿಸಿ ಕಟ್ಟಿದರೆ ಸೌಮ್ಯ. ಹೊರ ಬಳೆಗೆ ಮಾತ್ರ ಕಟ್ಟಿದರೆ ಎಳೆದಾಗ ಒಳಬಳೆಗಳು ಕೆನ್ನೆಯನ್ನು ಹಲ್ಲಿಗೆ ಒತ್ತುತ್ತವೆ. ಮೆದು ಅಂದುಕೊಂಡು ತಂದವರು ಗೊತ್ತಿಲ್ಲದೆ ಕಠಿಣವಾಗಿ ಕಟ್ಟುವುದು ಇದರಲ್ಲೇ ಹೆಚ್ಚು.

ಲಿವರ್‌ಪೂಲ್: ಬಳೆ, ಅದರ ಕೆಳಗೆ ನೇರ ತೋಳು, ತೋಳಿನಲ್ಲಿ ಲಗಾಮು ಕಟ್ಟಲು ಒಂದೆರಡು ಅಥವಾ ಮೂರು ಕಿಂಡಿ, ಗದ್ದದ ಕೆಳಗೆ ಸರಪಳಿ. ಬಿಗಿ ಹೆಚ್ಚುಕಡಿಮೆ ಮಾಡಬಹುದಾದ್ದರಿಂದ ಜಗತ್ತಿನಾದ್ಯಂತ ಗಾಡಿಯವರ ನೆಚ್ಚಿನದು.

ಬಕ್ಸ್‌ಟನ್ ಮತ್ತು ಮೊಣಕೈ ಮಾದರಿ: ತೋಳು ಎಸ್ ಆಕಾರದಲ್ಲಿ ಅಥವಾ ಮೊಣಕೈಯಂತೆ ಹಿಂದಕ್ಕೆ ಬಾಗಿರುತ್ತದೆ. ಬಕ್ಸ್‌ಟನ್‌ನಲ್ಲಿ ಎರಡು ತೋಳಿನ ಕೆಳತುದಿಯನ್ನು ಅಡ್ಡಪಟ್ಟಿ ಸೇರಿಸುತ್ತದೆ. ನೋಡಲು ಠೀವಿ, ಅರಮನೆ ಮೆರವಣಿಗೆಯ ಸಾರೋಟಿಗೆ ಒಪ್ಪುತ್ತದೆ. ದಿನದ ದುಡಿಮೆಗೆ ಬೇಕಿಲ್ಲ.

ಲಿವರ್‌ಪೂಲ್‌ನಲ್ಲಿ ಲಗಾಮನ್ನು ಯಾವ ಕಿಂಡಿಗೆ ಕಟ್ಟಬೇಕು?

ಇದನ್ನು ಲೆಕ್ಕ ಹಾಕಿಯೇ ತಿಳಿಯುವುದು ಒಳ್ಳೆಯದು. ಕಂಬಿಯಿಂದ ಮೇಲೆ ಸರಪಳಿಯ ಕೊಕ್ಕೆಯವರೆಗಿನ ದೂರ 4.5 ಸೆಂಟಿಮೀಟರ್, ಕಂಬಿಯಿಂದ ಕೆಳಗಿನ ಕಿಂಡಿಯವರೆಗೆ 9 ಸೆಂಟಿಮೀಟರ್ ಇದೆ ಅನ್ನಿ. ಕೆಳಗಿನದು ಮೇಲಿನದರ ಎರಡರಷ್ಟು. ಲಗಾಮಿನಲ್ಲಿ ನೀವು 1 ಕಿಲೋ ಎಳೆದರೆ ಗದ್ದದ ಸರಪಳಿಯ ಮೇಲೆ 2 ಕಿಲೋ ಬೀಳುತ್ತದೆ, ವಸಡು ನಾಲಿಗೆಯ ಮೇಲೆ ಎರಡೂ ಕೂಡಿ 3 ಕಿಲೋ. ಅದೇ ಲಗಾಮನ್ನು ಬಳೆಗೆ ಮಾತ್ರ ಕಟ್ಟಿದರೆ 1 ಕಿಲೋ ಎಳೆತಕ್ಕೆ 1 ಕಿಲೋ, ಸರಪಳಿಗೆ ಕೆಲಸವೇ ಇಲ್ಲ. ನಿಮ್ಮ ಕಡಿವಾಣದ ತೋಳನ್ನು ಅಳತೆಪಟ್ಟಿಯಲ್ಲಿ ಅಳೆದು ಹೀಗೆಯೇ ಲೆಕ್ಕ ಮಾಡಿ ನೋಡಿ.

ಕಟ್ಟುವ ಜಾಗಗಳು ಸೌಮ್ಯದಿಂದ ಕಠಿಣದ ಕಡೆಗೆ ಹೀಗಿವೆ: ಬಳೆಗೆ ಮಾತ್ರ, ಬಳೆಯನ್ನೂ ತೋಳನ್ನೂ ಸುತ್ತಿ ಕಂಬಿಯ ಕೆಳಗೆ ಕೂರುವಂತೆ, ಮೊದಲ ಕಿಂಡಿ, ನಡುವಿನ ಕಿಂಡಿ, ಕೊನೆಯ ಕಿಂಡಿ. ಹೊಸ ಕುದುರೆಗೆ ಬಳೆಯಿಂದ ಶುರು. ಪಳಗಿದ ಕುದುರೆಗೂ ಎರಡನೆಯ ಜಾಗ ಅಥವಾ ಮೊದಲ ಕಿಂಡಿ ದಾಟುವ ಅಗತ್ಯ ವಿರಳ. ಕೊನೆಯ ಕಿಂಡಿಗೆ ಕಟ್ಟದೆ ಕುದುರೆ ನಿಲ್ಲುವುದಿಲ್ಲ ಅನ್ನುವ ಹಂತ ಬಂದಿದ್ದರೆ ತೊಂದರೆ ಬೇರೆಲ್ಲೋ ಇದೆ.

ಒಂದು ಕಿಲೋ ಅಂದರೆ ಕೈಗೆ ಎಷ್ಟು ಅನ್ನಿಸುತ್ತದೆ ಅನ್ನುವ ಅಂದಾಜು ಬಹಳ ಜನಕ್ಕೆ ಇಲ್ಲ. ಸಾಮಾನು ತೂಗುವ ಕೊಕ್ಕೆಯ ತಕ್ಕಡಿಯನ್ನು ಕಂಬಕ್ಕೆ ಕಟ್ಟಿ, ಲಗಾಮನ್ನು ಅದಕ್ಕೆ ಸಿಕ್ಕಿಸಿ, ದಿನವೂ ಹಿಡಿಯುವಂತೆ ಹಿಡಿದು ನೋಡಿ. ಕಾಣುವ ಅಂಕಿ ಅಚ್ಚರಿ ತರುತ್ತದೆ.

ಗದ್ದದ ಸರಪಳಿ ಎಷ್ಟು ಬಿಗಿ ಇರಬೇಕು?

ಲಗಾಮು ಎಳೆದಾಗ ತೋಳು ಸುಮಾರು 45 ಡಿಗ್ರಿ ಹಿಂದಕ್ಕೆ ವಾಲಿದ ಮೇಲೆ ಸರಪಳಿ ಗದ್ದಕ್ಕೆ ತಾಗಬೇಕು. ಅದಕ್ಕೂ ಮೊದಲೇ ತಾಗಿದರೆ ಬಿಡುವೇ ಇಲ್ಲದ ಚಿಮುಟ. ತೋಳು ಲಗಾಮಿನ ನೇರಕ್ಕೆ ಮಲಗುವಷ್ಟು ಸಡಿಲವಾದರೆ ಕಂಬಿ ಉರುಳಿ ಕಟವಾಯಿ ಹಿಂಡುತ್ತದೆ. ಸರಪಳಿಯನ್ನು ಬಲಗಡೆಯ ಕೊಕ್ಕೆಗೆ ಹಾಕಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಚುತ್ತ ಬನ್ನಿ. ಕೊಂಡಿಗಳೆಲ್ಲ ಚಪ್ಪಟೆಯಾಗಿ ಮಲಗಿದ ಮೇಲೆ ಎಡಗಡೆಗೆ ಸಿಕ್ಕಿಸಿ. ತಿರುಚಿಕೊಂಡ ಒಂದೇ ಒಂದು ಕೊಂಡಿ ಸಾಕು, ಸಂಜೆಗೆ ಗದ್ದದ ಕೂದಲು ಉದುರಿರುತ್ತದೆ. ನಾಜೂಕು ಚರ್ಮದ ಕುದುರೆಗೆ ಸರಪಳಿಯ ಕೆಳಗೆ ಮೆತ್ತನೆಯ ಚರ್ಮದ ಪಟ್ಟಿ ಹಾಕಿ.

ಬಾಯಲ್ಲಿ ಎಷ್ಟು ಎತ್ತರದಲ್ಲಿ ಕೂರಿಸಬೇಕು?

ಸ್ನ್ಯಾಫಲ್ ಆದರೆ ಕಟವಾಯಿಯಲ್ಲಿ ಒಂದು ಪೂರ್ತಿ ಸುಕ್ಕು ಬರುವಷ್ಟು. ಲಿವರ್‌ಪೂಲ್ ಆದರೆ ಕಟವಾಯಿಗೆ ತಾಗಿಯೂ ತಾಗದಂತೆ, ಹೆಚ್ಚೆಂದರೆ ಒಂದು ಸಣ್ಣ ಸುಕ್ಕು. ಎರಡೂ ಕೆನ್ನೆಪಟ್ಟಿಯ ತೂತುಗಳನ್ನು ಎಣಿಸಿ. ಎಡಕ್ಕೆ ನಾಲ್ಕನೆಯದು, ಬಲಕ್ಕೆ ಐದನೆಯದು ಇದ್ದರೆ ಕುದುರೆ ಒಂದೇ ಕಡೆ ವಾಲಲು ಅದೇ ಕಾರಣವಾಗಿರಬಹುದು. ಗಾಡಿಯ ತಲೆಪಟ್ಟಿಯಲ್ಲಿ ಇನ್ನೊಂದು ಗೊಂದಲವಿದೆ: ಕಣ್ಣುಪಟ್ಟಿ (ಕುದುರೆಗೆ ಹಿಂದಿನದು ಕಾಣದಂತೆ ಕಣ್ಣಿನ ಪಕ್ಕ ಮರೆಮಾಡುವ ಪಟ್ಟಿ) ಹೊಲಿದಿರುವುದೂ ಕೆನ್ನೆಪಟ್ಟಿಗೇ. ಕಡಿವಾಣ ಏರಿಸಿದರೆ ಕಣ್ಣುಪಟ್ಟಿಯೂ ಏರುತ್ತದೆ. ಕುದುರೆಯ ಕಣ್ಣು ಆ ಪಟ್ಟಿಯ ನಡುಮಧ್ಯಕ್ಕೆ ಬರಬೇಕು. ಎರಡೂ ಒಟ್ಟಿಗೆ ಹೊಂದದಿದ್ದರೆ ತಲೆಪಟ್ಟಿಯ ಅಳತೆಯೇ ತಪ್ಪು, ಚಮ್ಮಾರರ ಹತ್ತಿರ ತಿದ್ದಿಸಿ.

ಕುದುರೆ ನಿಲ್ಲುವುದೇ ಇಲ್ಲ. ಇನ್ನೂ ಬಿಗಿಯಾದ ಕಡಿವಾಣ ಬೇಕಲ್ಲವೇ?

ಹೆಚ್ಚಿನ ಸಲ ಬೇಡ. ಗಾಡಿ ನಿಲ್ಲಿಸುವುದು ಬಾಯಿಯಲ್ಲ, ಕುದುರೆಯ ಹಿಂಭಾಗ. ಇಳಿಜಾರಿನಲ್ಲಿ ಗಾಡಿಯ ಭಾರವನ್ನು ತೊಡೆಯ ಹಿಂದಿನ ಪಟ್ಟಿಯಾಗಲಿ ಬ್ರೇಕಾಗಲಿ ಹಿಡಿಯದಿದ್ದರೆ ಮೂಕಿ, ಜೀನು ಎಲ್ಲ ಮುಂದಕ್ಕೆ ಒತ್ತಿ ಕುದುರೆಯನ್ನು ತಳ್ಳುತ್ತವೆ. ಆಗ ಅದು ಓಡುತ್ತಿರುವುದು ತುಂಟತನದಿಂದಲ್ಲ. ಮೊದಲು ಆ ಪಟ್ಟಿ ನೋಡಿ: ಕುದುರೆ ನಿಂತಿರುವಾಗ ತೊಡೆಗೂ ಪಟ್ಟಿಗೂ ನಡುವೆ ಒಂದು ಅಂಗೈ ಅಗಲ ಜಾಗ ಸಾಕು.

ಆಮೇಲೆ ಬಾಯಿ ನೋಡಿ, ಆಮೇಲೆ ನಿಮ್ಮ ಕೈ. ಎಡೆಬಿಡದೆ ಎಳೆದೇ ಇರುವ ಕೈಗೆ ಕುದುರೆ ಒಗ್ಗಿಹೋಗುತ್ತದೆ, ಅದನ್ನೇ ನಾವು ಬಾಯಿ ಗಟ್ಟಿ ಅನ್ನುತ್ತೇವೆ. ಹಿಡಿ, ನಿಂತ ಕ್ಷಣವೇ ಬಿಡು. ಬಿಡುವುದೇ ಅದಕ್ಕೆ ಪಾಠ.

ಮುಳ್ಳಿನ ಕಡಿವಾಣ ಮಾರುತ್ತಾರಲ್ಲ?

ಮಾರುತ್ತಾರೆ, ಮದುವೆ ಕುದುರೆಗಳ ಬಾಯಲ್ಲಿ ಈಗಲೂ ಕಾಣುತ್ತದೆ. ಕಾನೂನು ಒಪ್ಪುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 1965ರಲ್ಲಿ ಬಂದ ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ನಿಯಮಗಳು ಮುಳ್ಳು, ಗಂಟು, ಚೂಪು ತುದಿಯಿರುವ ಕಡಿವಾಣ, ಕೋಲು, ಸಾಜುಗಳನ್ನು (ಗಾಡಿಗೆ ಹೂಡುವ ಪಟ್ಟಿಗಳನ್ನು) ನಿಷೇಧಿಸಿವೆ. ಸರಪಳಿ ಅಥವಾ ತಿರುಚಿದ ತಂತಿಯ ಕಂಬಿಯೂ ಗಾಯ ಮಾಡುವಂತಿದ್ದರೆ ಅದೇ ಸಾಲಿಗೆ ಸೇರುತ್ತದೆ.

ಕಾನೂನು ಬದಿಗಿಟ್ಟು ನೋಡಿದರೂ ಇದು ಕೆಲಸಕ್ಕೆ ಬಾರದ ವಸ್ತು. ಮುಳ್ಳು ಚುಚ್ಚಿದ ಜಾಗ ಗಾಯವಾಗಿ, ಮಾಗಿ, ಗಟ್ಟಿ ಕಲೆಯಾಗುತ್ತದೆ. ಅಲ್ಲಿಗೆ ಸ್ಪರ್ಶ ಕಡಿಮೆ. ಮತ್ತೆ ಇನ್ನೂ ಚೂಪಾದದ್ದು ಬೇಕಾಗುತ್ತದೆ. ಜೊತೆಗೆ, ತೀರ ನೋವಾದ ಕುದುರೆ ನಿಲ್ಲುವ ಬದಲು ನೋವಿನಿಂದ ಓಡಿಹೋಗಲು ನೋಡುತ್ತದೆ, ಇಲ್ಲವೇ ಮುಂಗಾಲೆತ್ತಿ ಎದ್ದು ನಿಲ್ಲುತ್ತದೆ. ಬ್ಯಾಂಡಿನ ಸದ್ದು, ಪಟಾಕಿ, ಸುತ್ತ ಜನ. ಅಪಾಯ ಯಾರಿಗೆ ಅನ್ನುವುದು ಹೇಳಬೇಕಿಲ್ಲ.

ರೇಸಿನಿಂದ ಬಂದ ಕುದುರೆಗೆ ಏನು ಹಾಕಬೇಕು?

ಅದಕ್ಕೆ ಕಲಿಸಿರುವುದು ಕಡಿವಾಣದ ಮೇಲೆ ಭಾರ ಹಾಕಿ ಓಡುವುದನ್ನು. ನೀವು ಎಳೆದಷ್ಟೂ ಅದು ಓಟಕ್ಕೆ ಅಪ್ಪಣೆ ಎಂದೇ ತಿಳಿಯುತ್ತದೆ. ಅರ್ಧಗಡ್ಡಿಯ ಎರಡು ಕೀಲಿನ ಕಂಬಿ ಹಾಕಿ, ಗಾಡಿಯಿಲ್ಲದೆ ಉದ್ದ ಲಗಾಮಿನಲ್ಲಿ ಹಿಂದೆ ನಡೆಯುತ್ತ ಹಲವು ವಾರ ನಡೆ, ನಿಲ್ಲು ಕಲಿಸಿ. ದನಿಗೆ ನಿಲ್ಲುವುದು ಬರುವ ಮುನ್ನ ಗಾಡಿಗೆ ಹೂಡಬೇಡಿ.

ಕುದುರೆಯ ನಡವಳಿಕೆ ನೋಡಿ ತಪ್ಪು ಎಲ್ಲಿದೆ ಎಂದು ಹೇಳಬಹುದೇ?

ಬಹಳಷ್ಟು ಹೇಳಬಹುದು. ನಾಲಿಗೆಯನ್ನು ಕಂಬಿಯ ಮೇಲೆ ಹಾಕಿಕೊಳ್ಳುತ್ತಿದ್ದರೆ ಕಡಿವಾಣ ತೀರ ಕೆಳಗಿದೆ, ಅಥವಾ ನಾಲಿಗೆಗೆ ಜಾಗವಿಲ್ಲ. ತಲೆ ಮೇಲಕ್ಕೆ ಒಗೆಯುತ್ತಿದ್ದರೆ ಹಲ್ಲು, ಕಟವಾಯಿ, ಒಂದೇ ಕೀಲಿನ ಕಂಬಿ ಈ ಮೂರನ್ನು ನೋಡಿ. ಕತ್ತು ಬಗ್ಗಿಸಿ ಗದ್ದವನ್ನು ಎದೆಗೆ ಒತ್ತಿಕೊಂಡು ಹೋಗುವುದು ಚಂದ ಕಾಣಬಹುದು, ಆದರೆ ಅದು ಕಡಿವಾಣದಿಂದ ತಪ್ಪಿಸಿಕೊಳ್ಳುವ ಉಪಾಯ. ಸರಪಳಿ ಒಂದು ಕೊಂಡಿ ಸಡಿಲಿಸಿ, ಲಗಾಮು ಒಂದು ಕಿಂಡಿ ಮೇಲಕ್ಕೆ. ಒಂದೇ ಕಡೆ ವಾಲುವುದಕ್ಕೆ ಲಗಾಮಿನ ಉದ್ದದ ವ್ಯತ್ಯಾಸ, ಚೂಪು ಹಲ್ಲು, ಕೆಲವೊಮ್ಮೆ ಕಾಲುನೋವು ಕಾರಣ.

ತುಟಿಯಲ್ಲಿ ತೆಳು ನೊರೆ ಇದ್ದರೆ ಒಳ್ಳೆಯದು. ನೊರೆಯಲ್ಲಿ ಗುಲಾಬಿ ಬಣ್ಣ ಕಂಡರೆ ಅಲ್ಲಿಗೇ ಗಾಡಿ ನಿಲ್ಲಿಸಿ. ನಾಲಿಗೆ ನೀಲಿಯಾಗಿದ್ದರೆ ರಕ್ತ ಓಡುತ್ತಿಲ್ಲ, ಕಡಿವಾಣ ತಕ್ಷಣ ಸಡಿಲಿಸಿ. ಕಟವಾಯಿ ಹುಣ್ಣಾದರೆ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಉಪ್ಪು ಹಾಕಿ ದಿನಕ್ಕೆ ಎರಡು ಸಲ ತೊಳೆಯಿರಿ; ಗಾಯ ಪೂರ್ತಿ ಮಾಗುವವರೆಗೆ ಕಡಿವಾಣ ಹಾಕಲೇಬೇಡಿ. ವಸಡಿನ ಗಾಯ, ಕೆಟ್ಟ ವಾಸನೆ ಇದ್ದರೆ ಪಶುವೈದ್ಯರಿಗೇ ತೋರಿಸಿ.

ಜೋಡಿ ಕುದುರೆಗೆ ಎರಡಕ್ಕೂ ಒಂದೇ ಕಡಿವಾಣ ಬೇಕೇ?

ನೋಡಲು ಒಂದೇ ಇದ್ದರೆ ಚಂದ, ಕೆಲಸದಲ್ಲಿ ಒಂದೇ ಇರಬೇಕಿಲ್ಲ. ಲಿವರ್‌ಪೂಲ್‌ನ ದೊಡ್ಡ ಅನುಕೂಲ ಇದೇ: ಬಿಸಿ ರಕ್ತದ ಕುದುರೆಗೆ ಮೊದಲ ಕಿಂಡಿ, ಸಾಧುವಿಗೆ ಬಳೆ. ಪಕ್ಕದ ಕುದುರೆಯ ಲಗಾಮು ತೋಳಿಗೆ ಸಿಕ್ಕುವ ಭಯವಿದ್ದರೆ ಕೆಳಗೆ ಅಡ್ಡಪಟ್ಟಿ ಇರುವ ಮಾದರಿ ಹುಡುಕಿ.

ಸ್ಟ್ಯಾಂಡಿನಲ್ಲಿ ಹುರುಳಿ ತಿನ್ನಿಸುವಾಗ ಕಡಿವಾಣ ತೆಗೆಯಬಹುದೇ?

ಗಾಡಿಗೆ ಹೂಡಿರುವಾಗ ತಲೆಪಟ್ಟಿ ಕಳಚಲೇಬಾರದು. ಕಣ್ಣುಪಟ್ಟಿ ಸರಿದು ಹಿಂದಿನ ಗಾಡಿ ಥಟ್ಟನೆ ಕಂಡರೆ, ಹತ್ತು ವರ್ಷ ಎಳೆದ ಕುದುರೆಯೂ ದೆವ್ವ ಕಂಡಂತೆ ಓಡುತ್ತದೆ, ತಡೆಯಲು ಕೈಯಲ್ಲಿ ಏನೂ ಇರುವುದಿಲ್ಲ. ಮೊದಲು ಮೂಕಿಯಿಂದ ಬಿಡಿಸಿ, ಆಮೇಲೆ ಕಡಿವಾಣ ತೆಗೆದು ತಿನ್ನಿಸಿ. ಹೂಡುವಾಗ ಕ್ರಮ ತಿರುವುಮುರುವು: ಮೊದಲು ತಲೆಪಟ್ಟಿ ಕಡಿವಾಣ, ಆಮೇಲೆ ಗಾಡಿ.

ಕಮ್ಮಾರರಿಂದ ಮಾಡಿಸಿದ್ದು ಆಗುತ್ತದೆಯೇ? ಯಾವ ಲೋಹ ಒಳ್ಳೆಯದು?

ಕೆಲಸ ಅಚ್ಚುಕಟ್ಟಾಗಿದ್ದರೆ ಧಾರಾಳವಾಗಿ. ಹಳೇ ನೈಲಾನ್ ಕಾಲುಚೀಲವನ್ನೋ ಹತ್ತಿಯನ್ನೋ ಕಂಬಿಯ ಮೇಲೆಲ್ಲ ಉಜ್ಜಿ, ಬೆಸುಗೆ ಹಾಕಿದ ಕಡೆ ಎರಡೆರಡು ಸಲ. ಎಳೆ ಸಿಕ್ಕಿಕೊಂಡ ಜಾಗ ನಾಲಿಗೆಯನ್ನೂ ಕೊಯ್ಯುತ್ತದೆ, ಅರದಿಂದ ಉಜ್ಜಿಸಿ. ಸ್ಟೇನ್‌ಲೆಸ್ ಸ್ಟೀಲ್ ನಿಶ್ಚಿಂತೆ. ನಿಕಲ್ ಲೇಪನ ಎದ್ದುಬಂದರೆ ಅಂಚು ಬ್ಲೇಡಿನಂತೆ. ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿಯುವ ಅಭ್ಯಾಸ ಬಿಡಿ, ಆ ತಂತಿಯ ತುದಿಯೇ ಮುಳ್ಳು. ಇನ್ನೊಂದು, ಬೇಸಿಗೆಯಲ್ಲಿ ಬಿಸಿಲಿಗೆ ಬಿಟ್ಟ ಕಡಿವಾಣ ಕಾದ ತವೆಯಂತಿರುತ್ತದೆ. ಹಾಕುವ ಮುನ್ನ ನೀರಲ್ಲಿ ಅದ್ದಿ, ಕೈಯಲ್ಲಿ ಹಿಡಿದು ನೋಡಿ.

ಒಂದೇ ಕಡಿವಾಣವನ್ನು ಎರಡು ಕುದುರೆಗೆ ಬಳಸಬಹುದೇ?

ಬೇಡ. ಅಳತೆಯ ಮಾತು ಹಾಗಿರಲಿ, ಎಂಜಲು ಸಿಂಬಳದಿಂದ ರೋಗ ದಾಟುತ್ತದೆ. ಗ್ಲ್ಯಾಂಡರ್ಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಮಾರಕ, ಮನುಷ್ಯರಿಗೂ ಅಂಟುತ್ತದೆ. ಸಿಂಬಳ ಸುರಿಸುವ ಕುದುರೆಯ ಕಡಿವಾಣ, ನೀರಿನ ಬಕೆಟ್ಟು ಎರಡನ್ನೂ ಬೇರೆ ಇಟ್ಟು ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ನಿತ್ಯದ ಶುಚಿಗೆ ಕಳಚಿದ ಕೂಡಲೇ ತಣ್ಣೀರಲ್ಲಿ ತೊಳೆದರೆ ಸಾಕು, ವಾರಕ್ಕೊಮ್ಮೆ ಚರ್ಮ ಬಿಚ್ಚಿ ಲೋಹ ಮಾತ್ರ ಕುದಿಸಿ. ಎಣ್ಣೆ ಚರ್ಮಕ್ಕೆ, ಕಂಬಿಗೆ ಬೇಡ.

ಹೊಸ ಕಡಿವಾಣವನ್ನು ಅಭ್ಯಾಸ ಮಾಡಿಸುವುದು ಹೇಗೆ?

ಮೂರು ದಿನ ಲಾಯದಲ್ಲಿ ಲಗಾಮಿಲ್ಲದೆ ಹತ್ತು ಹತ್ತು ನಿಮಿಷ. ನಾಲ್ಕನೆಯ ದಿನ ಉದ್ದ ಲಗಾಮಿನಲ್ಲಿ ಗಾಡಿಯಿಲ್ಲದೆ ಇಪ್ಪತ್ತು ನಿಮಿಷ. ಆಮೇಲೆ ಜನಸಂಚಾರವಿಲ್ಲದ ದಾರಿಯಲ್ಲಿ ಖಾಲಿ ಗಾಡಿ, ಕುದುರೆಯ ತಲೆಯ ಹತ್ತಿರ ಇನ್ನೊಬ್ಬರು ನಡೆಯಬೇಕು. ಪ್ರತಿ ಸಲ ಬಿಚ್ಚಿದ ಮೇಲೆ ಕಟವಾಯಿ, ವಸಡು, ಗದ್ದ ನೋಡಿ. ಕಡಿವಾಣ, ಕಿಂಡಿ, ಸರಪಳಿ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಕಡಿವಾಣವೇ ಇಲ್ಲದೆ, ಮೂಗುಪಟ್ಟಿಯಿಂದ ಗಾಡಿ ಹೊಡೆಯಬಹುದೇ?

ಪಳಗಿದ ಕುದುರೆ, ಬೇಲಿ ಇರುವ ಬಯಲು ಇದ್ದರೆ ಸಾಧ್ಯ. ಬಾಯಿ ಹುಣ್ಣಾದ ಕುದುರೆಗೆ ವ್ಯಾಯಾಮ ಕೊಡಲು ಒಳ್ಳೆಯದೇ. ಬಸ್ಸು ಆಟೋಗಳ ರಸ್ತೆಗೆ ನಾವು ಸೂಚಿಸುವುದಿಲ್ಲ. ಮೂಗುಪಟ್ಟಿಯೂ ಸೌಮ್ಯ ಅಂತಲ್ಲ, ಮೂಗಿನ ಗಟ್ಟಿ ಎಲುಬಿಗಿಂತ ಕೆಳಗೆ ಇಳಿದರೆ ಉಸಿರಿಗೇ ಅಡ್ಡ.

ಹಳೆಯದನ್ನು ಯಾವಾಗ ಎಸೆಯಬೇಕು?

ಬಳೆಯ ರಂಧ್ರ ಸವೆದು ಅಂಚು ಉಗುರಿಗೆ ಸಿಗುವಂತಾದಾಗ, ಕೀಲು ಸಡಿಲಗೊಂಡು ಬೆರಳಿನ ಚರ್ಮ ಹಿಂಡುವಾಗ, ಕಂಬಿಯ ಮೇಲೆ ಹಲ್ಲಿನ ಗುರುತು ಒರಟಾದಾಗ, ತೋಳು ಬಾಗಿದಾಗ. ಬಾಗಿದ ತೋಳನ್ನು ಬಡಿದು ನೇರ ಮಾಡಿ ಮತ್ತೆ ಹಾಕಬೇಡಿ, ಬಾಗಿದ ಜಾಗದಲ್ಲೇ ಅದು ಮುರಿಯುತ್ತದೆ. ಗುಜರಿಗೆ ಹಾಕುವ ಮುನ್ನ ಎರಡು ತುಂಡು ಮಾಡಿ, ಇಲ್ಲದಿದ್ದರೆ ಅದು ಇನ್ನೊಂದು ಕುದುರೆಯ ಬಾಯಿಗೆ ಹೋಗುತ್ತದೆ.